ಮಿಕ್ಕಿದ್ದು ಇರಲಿ ಅಂದಳು

ಮಲ್ಲೇಶ್ವರಂ
ಸೆಪ್ಟೆಂಬರ್ 14, 2025, ಭಾನುವಾರ

ಮುದ್ದಿನ ಹೇಮಾ,

ಮೆಟ್ರೊ ಇಳಿದು ಒಂದು ಆಟೊ ಹಿಡಿದರೆ ಹನುಮಂತನಗರದ ನಿನ್ನ ಮನೆ. ಇಷ್ಟು ಹತ್ತಿರದ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವ ಹಾಗಾಯಿತಲ್ಲ ಎಂದು ಬೆಳಿಗ್ಗೆಯಿಂದ ಅನ್ನಿಸುತ್ತಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ನಿಜ ಹೇಳುತ್ತೇನೆಂಬ ನಂಬಿಕೆ ನನಗೇ ಇಲ್ಲ. ಬಾಯಿ ತೆರೆದರೆ ನಾನು ವಾದಕ್ಕೆ ನಿಲ್ಲುತ್ತೇನೆ, ನಿನಗೆ ಗೊತ್ತು. ಕಾಗದದಲ್ಲಾದರೆ ಬರೆದದ್ದನ್ನು ಒಮ್ಮೆ ಓದಿಕೊಳ್ಳಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ವಿಡಿಯೊ ನೀನು ನೋಡಿದ್ದೀಯ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ್ದು. ಸಂಪಿಗೆ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಪ್ರೇಮಲತಾ ಹತ್ತಿರ ಬಾಳೆಎಲೆ, ಸೊಪ್ಪು ತೆಗೆದುಕೊಂಡು ಚೀಲಕ್ಕೆ ಕೈ ಹಾಕಿದೆ, ಫೋನ್ ಇರಲಿಲ್ಲ. ಎಷ್ಟೋ ವರ್ಷದಿಂದ ನಮಗೆ ಸೊಪ್ಪು ಕೊಡುವವಳು, ನಿನ್ನ ಬಾಣಂತನಕ್ಕೆ ಸಬ್ಬಸಿಗೆ ಸೊಪ್ಪನ್ನು ಆರಿಸಿ ಕೊಟ್ಟವಳು. ಅವಳನ್ನು ನಾನು ಕಳ್ಳಿ ಅಂದೆ. ಬುಟ್ಟಿ ಬೋರಲು ಹಾಕಿದೆ. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಹಿಡಿದೆಳೆದೆ. ಜನ ಸುತ್ತ ನಿಂತಷ್ಟೂ ನನ್ನ ದನಿ ಏರಿತು. "ನೀನು ಸೆರಗಲ್ಲಿ ಇಟ್ಕೊಂಡಿದ್ದನ್ನ ನಾನೇ ಕಣ್ಣಾರೆ ನೋಡ್ದೆ" ಎಂದೂ ಹೇಳಿದೆ.

ಹೇಮಾ, ನಾನು ಏನನ್ನೂ ನೋಡಿರಲಿಲ್ಲ.

ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು "ನಾನ್ ಕಳ್ಳಿ ಅಲ್ಲಕ್ಕಾ, ದೇವ್ರಾಣೆ ಅಲ್ಲಕ್ಕಾ" ಎಂದು ಅಳುತ್ತಿದ್ದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಮಿಣುಕು ಎಂಬ ವಿಡಿಯೊ ಆ್ಯಪ್‌ಗೆ ಹಾಕಿದರು. ಸಂಜೆಯ ಹೊತ್ತಿಗೆ ಊರೆಲ್ಲ ನೋಡಿತ್ತು.

ಫೋನ್ ಅವಳ ಬುಟ್ಟಿಗಳ ಹಿಂದೆ ಬಿದ್ದಿತ್ತು, ಆಮೇಲೆ ಸಿಕ್ಕಿತು ಎಂದು ನಿನಗೂ ನಿನ್ನಪ್ಪನಿಗೂ ಹೇಳಿದೆ. ಅಕ್ಕಪಕ್ಕದವರಿಗೂ ಅದನ್ನೇ ಹೇಳಿಕೊಂಡು ಬಂದೆ. ಹಾಗೆಂದರೆ ಕೇಳಿದವರು ಏನು ತಿಳಿದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಹೆದರಿ ಎಸೆದಿರುತ್ತಾಳೆ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯಲಿ ಎಂದೇ ಹೇಳಿದೆ. ನಿಜವೇನೆಂದರೆ, ನಾನು ಬಾಗಿಲು ತೆಗೆಯುವಾಗ ಫೋನ್ ಒಳಗೆ ಹೊಲಿಗೆ ಮೆಷಿನ್ ಮೇಲೆ ರಿಂಗಾಗುತ್ತಿತ್ತು. ಅವತ್ತು ನಾನದನ್ನು ಮನೆಯಿಂದ ಒಯ್ದಿರಲೇ ಇಲ್ಲ.

ಆ ಕ್ಷಣದಲ್ಲೇ ವಾಪಸು ಓಡಬೇಕಿತ್ತು. ಓಡಲಿಲ್ಲ. ಕೈಕಾಲು ತೊಳೆದುಕೊಂಡು ಕಳಶಕ್ಕೆ ಸೀರೆ ಉಡಿಸಲು ಕೂತೆ.

ವಿಡಿಯೊ ಬಂದ ಮೇಲೆ ನನಗೆ ಅವಳ ನೆನಪು ಬರಲಿಲ್ಲ. ನನ್ನ ಮುಖ ಎಲ್ಲರ ಕೈಯಲ್ಲಿ ಓಡಾಡುತ್ತಿದೆ ಎಂಬುದಷ್ಟೇ ಸಂಕಟ. ಮಿಣುಕಿಗೆ ದೂರು ಕೊಟ್ಟೆ. ಒತ್ತಿ ಕೈ ತೆಗೆಯುವಷ್ಟರಲ್ಲಿ ಉತ್ತರ: ಪರಿಶೀಲಿಸಿದ್ದೇವೆ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ. ಯಾರು ಪರಿಶೀಲಿಸಿದರು, ಯಾವಾಗ? ಬ್ಯಾಂಕಿನಲ್ಲಿ ಜೀವಮಾನವೆಲ್ಲ ಗ್ರಾಹಕರ ದೂರಿಗೆ ಉತ್ತರ ಬರೆದವಳು ನಾನು. ಸಿಟ್ಟು ಬಂದು ಅವರ ದೂರು ಅಧಿಕಾರಿಗೆ ಉದ್ದದ ಇಮೇಲ್ ಹಾಕಿದೆ. ಹಿರಿಯ ನಾಗರಿಕಳ ಮಾನಹಾನಿ, ದಾರಿತಪ್ಪಿಸುವ ವಿಡಿಯೊ ಎಂದೆಲ್ಲ ಬರೆದೆ.

ಕೆಲವು ದಿನ ಬಿಟ್ಟು ಆ ಅಧಿಕಾರಿ, ಆತ್ರೇಯ ಎಂಬವರಿಂದ ಉತ್ತರ ಬಂತು. ಮನುಷ್ಯರೇ ಬರೆದದ್ದು ಎಂದು ಓದಿದ ತಕ್ಷಣ ಗೊತ್ತಾಗುತ್ತಿತ್ತು. ಎರಡು ಮಾತು ಬರೆದಿದ್ದರು. ಇದರಲ್ಲಿ ಸುಳ್ಳು ಯಾವುದು, ಯಾವ ಭಾಗ ದಾರಿತಪ್ಪಿಸುತ್ತದೆ, ದಯವಿಟ್ಟು ತಿಳಿಸಿ. ಮತ್ತೆ, ವಿಡಿಯೊದಲ್ಲಿರುವ ಇನ್ನೊಬ್ಬ ಮಹಿಳೆ ತಾವೇ ದೂರು ಕೊಟ್ಟರೆ ಅದನ್ನು ಬೇರೆಯಾಗಿ ಪರಿಗಣಿಸುತ್ತೇವೆ.

ಮೊದಲನೆಯದನ್ನು ಓದಿ ವಿಡಿಯೊವನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿದ್ದ ಸುಳ್ಳು ಒಂದೇ, ಅದನ್ನು ಹೇಳಿದವಳು ನಾನು. ಎರಡನೆಯದು ಓದಿ ಪ್ರೇಮಲತಾಳನ್ನು ಹುಡುಕಿಕೊಂಡು ಹೊರಟೆ. ಕ್ಷಮೆ ಕೇಳುವುದಕ್ಕೆ ಎಂದು ನಿನ್ನಪ್ಪನಿಗೆ ಹೇಳಿದೆ. ಪಾಪ, ಅವರಿಗೆ ಸಂತೋಷವಾಯಿತು. ನಿನಗೆ ಹಾಗೆ ಹೇಳಲಾರೆ. ಅವಳ ದೂರಿನಿಂದ ನನ್ನ ಮುಖ ಅಳಿಸಿಹೋಗಲಿ ಎಂದು ಹೊರಟೆ.

ಅವಳ ಜಾಗದಲ್ಲಿ ಗಂಡ ಧರ್ಮರಾಜು ತಳ್ಳುಗಾಡಿ ಇಟ್ಟುಕೊಂಡು ನಿಂತಿದ್ದ. ನನ್ನನ್ನು ಗುರುತಿಸಿದ. ತಕ್ಕಡಿ ಕೆಳಗಿಟ್ಟು, "ಅವ್ಳು ಬರಲ್ಲ ಮೇಡಂ. ಏನ್ ಬೇಕಿತ್ತು?" ಎಂದ. ಅವಳ ಹತ್ತಿರ ಮಾತಾಡಬೇಕು ಅಂದೆ. ಶ್ರೀರಾಮಪುರದ ಮನೆಯ ಗುರುತು ಹೇಳಿದ.

ಬಾಗಿಲಲ್ಲಿ ಅವನ ತಾಯಿ ದೊಡ್ಡಮುನಿಯಮ್ಮ ಕೂತಿದ್ದರು. ನಾನು ಯಾರೆಂದು ಹೇಳಿದ ಮೇಲೂ ಕಾಲು ಮಡಚಲಿಲ್ಲ, ನಾನು ದಾಟಿಕೊಂಡೇ ಒಳಗೆ ಹೋದೆ. ಪ್ರೇಮಲತಾ ಸೊಪ್ಪು ಬಿಡಿಸುತ್ತಿದ್ದಳು. ಕೂತ್ಕೊಳ್ಳಿ ಅನ್ನಲಿಲ್ಲ. "ಯಾಕೆ ಬರ್ತಿಲ್ಲ?" ಎಂದು ಕೇಳಿದೆ. ನೋಡು, ಕೇಳಬಾರದ್ದನ್ನೇ ಮೊದಲು ಕೇಳಿದೆ.

"ಹೆಂಗ್ ಬರ್ಲಿ? ನಾನ್ ಅಳೋದನ್ನ ಕಟ್ ಮಾಡ್ಕೊಂಡು ನಾಯಿ ಬೆಕ್ಕಿನ್ ವಿಡಿಯೊಗೆಲ್ಲ ಹಾಕ್ತಾವ್ರೆ. ಬೆಕ್ಕು ಹಾಲ್ ಕುಡೀತದೆ, ನನ್ ದನಿ ಬರ್ತದೆ, ನಾನ್ ಕಳ್ಳಿ ಅಲ್ಲಕ್ಕಾ ಅಂತ. ಕಾಲೇಜ್ ಮಕ್ಳು ಗಾಡಿ ನಿಲ್ಸಿ ಅಕ್ಕಾ ಒಂದ್ಸಲ ಡೈಲಾಗ್ ಹೊಡೀರಿ ಅಂತಾರೆ. ನಗ್ತಾರೆ. ನಾನ್ ಅತ್ತಿದ್ದು ಅದು, ಡೈಲಾಗ್ ಅಲ್ಲ."

ನಾನು ಆ ಬೆಕ್ಕಿನ ವಿಡಿಯೊ ನೋಡಿದ್ದೆ, ಹೇಮಾ. ನೋಡಿ ನನ್ನ ಮುಖ ಅದರಲ್ಲಿಲ್ಲವಲ್ಲ ಎಂದು ನಿರಾಳವಾಗಿದ್ದೆ.

ಅವಳೂ ದೂರು ಕೊಟ್ಟಿದ್ದಳಂತೆ. ಫಾರಂ ಪೂರ್ತಿ ಇಂಗ್ಲಿಷ್. ಯಾವುದೋ ಒಂದನ್ನು ಒತ್ತಿದಳಂತೆ. ಇಷ್ಟವಾಗದಿದ್ದರೆ ಇಂಥವನ್ನು ನೋಡದಿರಬಹುದು ಎಂದು ಉತ್ತರ ಬಂತಂತೆ. ನಾನು ಬರೆದು ಕೊಡುತ್ತೇನೆ ಅಂದೆ. ನನ್ನನ್ನು ದಿಟ್ಟಿಸಿ ನೋಡಿ, ಕೈ ಒರೆಸಿಕೊಂಡು ಎದುರು ಕೂತಳು. "ಬರ್ಕೊಳಿ" ಅಂದಳು.

ಬರೆದೆ. ಫೋನಿನಲ್ಲೇ, ಇಂಗ್ಲಿಷಿನಲ್ಲಿ, ಗ್ರಾಹಕಿಯೊಬ್ಬರ ತಪ್ಪು ತಿಳಿವಳಿಕೆಯಿಂದ ಉಂಟಾದ ಮಾತಿನ ಚಕಮಕಿ ಎಂದು ನಯವಾಗಿ ಶುರುಮಾಡಿದೆ. ಓದಿ ಕನ್ನಡದಲ್ಲಿ ಹೇಳಿ ಅಂದಳು. ಹೇಳಿದೆ.

"ಅಷ್ಟೇನಾ? ಸೆರಗು ಎಳೆದಿದ್ದು ಬರೀಲಿಲ್ವಾ?"

ಅಳಿಸಿ ಮತ್ತೆ ಬರೆದೆ. ಈಕೆ ನನ್ನನ್ನು ಕಳ್ಳಿ ಎಂದರು, ನನ್ನ ಸೆರಗನ್ನು ಎಳೆದರು. ನನ್ನ ಕೈಯಿಂದಲೇ ನನ್ನನ್ನು 'ಈಕೆ' ಎಂದು ಬರೆದೆ.

ಆಮೇಲೆ ಅವಳು ಕೇಳಿದಳು. "ಫೋನ್ ಎಲ್ ಸಿಕ್ತು? ನಿಜ ಹೇಳಿ."

ಬಾಗಿಲಲ್ಲಿದ್ದ ಮುದುಕಿಯೂ ತಿರುಗಿದರು. ಬುಟ್ಟಿಯ ಹಿಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಲ್ಲಿಯಲ್ಲಿ ನೀರು ಬಂತೆಂದು ಹೊರಗೆ ಯಾರೋ ಕೂಗುತ್ತಿದ್ದರು. ಯಾರೂ ಏಳಲಿಲ್ಲ.

"ಮನೇಲಿ," ಅಂದೆ. "ಹೊಲಿಗೆ ಮೆಷಿನ್ ಮೇಲಿತ್ತು. ತಂದೇ ಇರ್ಲಿಲ್ಲ. ನಿನ್ನ ಕೈಲಿ ನೋಡ್ದೆ ಅಂದಿದ್ದೂ ಸುಳ್ಳು."

ಬೈಯುತ್ತಾಳೆ ಎಂದುಕೊಂಡೆ. ಹೊಡೆದರೂ ಸುಮ್ಮನಿರಬೇಕೆಂದು ತಲೆ ತಗ್ಗಿಸಿದೆ. ಅವಳು ಅತ್ತೆಯ ಕಡೆ ತಿರುಗಿ, "ಕೇಳ್ಸ್ಕೊಂಡ್ಯಾ?" ಎಂದಳು. ಅಷ್ಟೇ. ಆ ಮನೆಯಲ್ಲೂ ಅವಳು ಕದ್ದೆಯಾ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದಿತ್ತು ಎಂದು ಆಗ ತಿಳಿಯಿತು. ಕ್ಷಮಿಸು ಎಂದು ಕೈ ಹಿಡಿಯಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡು, "ಅದನ್ನೂ ಬರೀರಿ. ಫೋನಿಂದು," ಅಂದಳು. ಬರೆದೆ. ಕೆಳಗೆ ನನ್ನ ಹೆಸರು ಹಾಕಿ, ಇದು ನಿಜ ಎಂದು ಸೇರಿಸಿದೆ.

ಈ ಸಲ ಯಂತ್ರದ ಉತ್ತರ ಬರಲಿಲ್ಲ. ಆತ್ರೇಯ ಅವಳಿಗೆ ಫೋನ್ ಮಾಡಿದರು, ಕನ್ನಡದಲ್ಲಿ ಮಾತಾಡಿದರು. ಇನ್ನೊಂದು ಸಲ ಎಲ್ಲ ವಿಚಾರಿಸಿಕೊಂಡು, "ನಿಮಗೆ ಏನಾಗ್ಬೇಕಮ್ಮ?" ಎಂದು ಕೇಳಿದರಂತೆ. ಇಷ್ಟು ದಿನ ಅವಳನ್ನು ಯಾರೂ ಕೇಳದಿದ್ದ ಮಾತು ಅದು. ನಾನಂತೂ ಕೇಳಿರಲಿಲ್ಲ. ವಿಡಿಯೊ ಪೂರ್ತಿ ತೆಗೆಯಬಹುದು, ಅಥವಾ ನಿಮ್ಮ ಮುಖ, ದನಿ ಮಾತ್ರ ತೆಗೆಯಬಹುದು, ಯಾವುದು ಬೇಕೆಂದು ನೀವೇ ಹೇಳಿ ಎಂದರಂತೆ.

"ನನ್ ಮುಖ, ನನ್ ದನಿ ತೆಗೀರಿ. ಮಿಕ್ಕಿದ್ದು ಇರ್ಲಿ," ಅಂದಳಂತೆ. "ಫೋನ್ ಮನೇಲೇ ಇತ್ತು ಅಂತ ಅದ್ರಲ್ಲೇ ಬರೀರಿ."

ಹಾಗೇ ಆಯಿತು. ಅವಳ ಅಳು ಬಳಸಿದ್ದ ಬೇರೆ ವಿಡಿಯೊಗಳನ್ನೂ ತೆಗೆದರು. ಹೊಸದಾಗಿ ಹಾಕುವವರು ಇನ್ನೂ ಇದ್ದಾರೆ. ಕಂಡಲ್ಲೆಲ್ಲ ಅವಳ ಪರವಾಗಿ ವರದಿ ಮಾಡುವ ಕೆಲಸ ನನ್ನದು. ಒಂದೊಂದರಲ್ಲೂ ಅದೇ ಅಳುವನ್ನು ಮತ್ತೆ ಕೇಳುತ್ತೇನೆ.

ನಾನಿರುವ ವಿಡಿಯೊ ಈಗಲೂ ಅಲ್ಲೇ ಇದೆ. ಎದುರಿನವಳ ಮುಖ ಮಸುಕು, ಬಾಯಿ ಮೂಕ. ಮೊದಲಾದರೆ ಇಬ್ಬರ ಜಗಳದಂತೆ ಕೇಳುತ್ತಿತ್ತು. ಈಗ ನನ್ನ ದನಿಯೊಂದೇ. ಕೆಳಗೆ, ಫೋನ್ ಮನೆಯಲ್ಲೇ ಇತ್ತೆಂದು ಈ ಮಹಿಳೆಯೇ ಒಪ್ಪಿಕೊಂಡಿದ್ದಾರೆ ಎಂಬ ಸಾಲು. ಮೇಲ್ಮನವಿ ಸಲ್ಲಿಸಲು ನಿಮಗೆ ಅವಕಾಶವಿದೆ ಎಂದು ಆತ್ರೇಯ ನನಗೂ ಬರೆದಿದ್ದರು. ಬೇಡ ಎಂದು ಉತ್ತರಿಸಿದೆ. ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡ. ಎರಡು ದಿನ ಮನವಿಯನ್ನು ಬರೆದು ಬರೆದು ಅಳಿಸಿದ ಮೇಲೆ ಬೇಡ ಅಂದದ್ದು.

ಪ್ರೇಮಲತಾ ಮತ್ತೆ ಸಂಪಿಗೆ ರಸ್ತೆಗೆ ಬರುತ್ತಿದ್ದಾಳೆ. ಮೊನ್ನೆ ಹೋಗಿ ನಿಂತೆ. ಸೊಪ್ಪು ಕಟ್ಟಿ ಕೊಟ್ಟಳು, ಅಕ್ಕಾ ಅನ್ನಲಿಲ್ಲ. ಪಕ್ಕದಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಸೊಪ್ಪನ್ನು ಎದೆಗವಚಿಕೊಂಡು ಮನೆಯವರೆಗೂ ಯಾರ ಮುಖವನ್ನೂ ನೋಡದೆ ಬಂದೆ.

ನಿನ್ನಪ್ಪನಿಗೆ ಹೊಲಿಗೆ ಮೆಷಿನ್ ವಿಷಯ ಹೇಳಿದ್ದೇನೆ. ಊಟದ ಹೊತ್ತಿಗೆ ಹೇಳಿದೆ. ತಟ್ಟೆ ತೊಳೆದಿಟ್ಟು ರೂಮಿಗೆ ಹೋದವರು ಇನ್ನೂ ಸರಿಯಾಗಿ ಮಾತಾಡಿಲ್ಲ. ನೀನೂ ಮಾತಾಡದಿದ್ದರೆ ನಾನು ಕೇಳುವುದಿಲ್ಲ. ಕಾಗದ ಓದಿದೆ ಎಂದು ಅಳಿಯ ಸ್ವರೂಪ್ ಕೈಯಲ್ಲಾದರೂ ಹೇಳಿ ಕಳಿಸು.

ತಲೆ ಎತ್ತಲಾಗದೆ, ನಿನ್ನ
ಅಮ್ಮ
ವಾಣಿ

ಮರೆತದ್ದಲ್ಲ, ಕೊನೆಗೆಂದು ಉಳಿಸಿಕೊಂಡದ್ದು: ನಿನ್ನೆ ಪ್ರೇಮಲತಾ ತಾನಾಗಿ ಒಂದು ಮಾತು ಹೇಳಿದಳು. ಹಬ್ಬ ಕಳೆದ ಮಾರನೆಯ ದಿನವೇ ನೀನು ಅವಳ ಮನೆಗೆ ಹೋಗಿದ್ದೆಯಂತೆ. ಬಾಗಿಲಲ್ಲೇ ನಿಂತು, ಫೋನ್ ನಿಮ್ಮ ಬುಟ್ಟಿ ಹಿಂದೆ ಸಿಕ್ಕಿತು, ಏನೇ ಆಗಿರಲಿ ಅಮ್ಮ ಹಾಗೆ ಮಾಡಬಾರದಿತ್ತು, ಕ್ಷಮಿಸಿ ಅಂದೆಯಂತೆ. ಏನೇ ಆಗಿರಲಿ ಎಂಬ ಮಾತಿಗೆ ಅವಳು ನಿನ್ನನ್ನು ಬಾಗಿಲಿಂದಲೇ ವಾಪಸು ಕಳಿಸಿದಳಂತೆ. ನೀನು ಯಾಕೆ ಫೋನ್ ಎತ್ತುತ್ತಿಲ್ಲ ಎಂದು ನಿನ್ನೆ ಗೊತ್ತಾಯಿತು. ಅದು ನಿನ್ನ ಮಾತಲ್ಲ, ನಾನು ನಿನ್ನ ಬಾಯಿಗೆ ಹಾಕಿ ಕಳಿಸಿದ ಸುಳ್ಳು ಎಂದು ಅವಳಿಗೆ ಹೇಳಿದ್ದೇನೆ. "ಹಂಗಾದ್ರೆ ಅವ್ರನ್ನ ಇನ್ನೊಂದ್ಸಲ ಬರಕ್ಕೇಳಿ" ಅಂದಳು. ನನ್ನನ್ನು ಕರೆಯಲಿಲ್ಲ. ನೀನು ಹೋಗಿ ಬಾ.