ಇನ್ನೊಮ್ಮೆ ಹೇಳು

ಹಂಪಸಾಗರ

ನರ್ಸಿಂಗ್ ಕಾಲೇಜಿನ ಮೇಡಂ ಅವರಿಗೆ ಸೌಭಾಗ್ಯಳ ನಮಸ್ಕಾರ.

ಹೋದ ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡ ರಾಮಾಂಜಿನಿಯ ತಾಯಿ ನಾನು. ಅವತ್ತು ನೀವು ಹುಡುಗಿಯರಿಗೆ ನೊಂದವರ ಹತ್ತಿರ ಮಾತಾಡುವುದನ್ನು ಕಲಿಸುತ್ತಿದ್ದಿರಂತೆ. ನನಗೆ ಸುದ್ದಿ ಹೇಳಲು ನೀವು ಕಳಿಸಿದ ಹುಡುಗಿ, ನಾನು ಕಾಯುತ್ತಿದ್ದ ಕೋಣೆಯ ಬಾಗಿಲಲ್ಲೇ ನಿಂತು, "ಅಮ್ಮಾ, ನಿಮ್ಮ ಮಗ ಹೋಗಿಬಿಟ್ಟಾನ್ರಿ" ಅಂದು ಅತ್ತಳು. ಹತ್ತಿರ ಬಂದು ತನ್ನ ಕರವಸ್ತ್ರವನ್ನು ನನ್ನ ಕೈಗಿಟ್ಟಳು.

ಉಳಿದ ಹುಡುಗಿಯರ ಜೊತೆ ಹಿಂದೆಯೇ ಬಂದಿದ್ದ ನೀವು ಅವಳನ್ನು ತಡೆದಿರಿ. "ಅಳಬಾರ್ದವ್ವಾ. ಹೊರಗ ಹೋಗಿ ಮತ್ತ ಬಾ. ಬಾಜು ಕುಂತು, ಕೈ ಹಿಡಕೊಂಡು ಇನ್ನೊಮ್ಮೆ ಹೇಳು."

ಅವಳು ಹೋಗಿ ಬಂದಳು. ಪಕ್ಕದಲ್ಲಿ ಕೂತು, ಕೈ ಹಿಡಿದು, ಅಳದೆ ಹೇಳಿದಳು. ನೀವು ಅವಳ ಬೆನ್ನು ತಟ್ಟಿ, ಉಳಿದವರಿಗೆ "ನೋಡಿದ್ರಿಲ್ಲ? ಹಿಂಗ" ಅಂದಿರಿ. ನನ್ನ ಕಡೆ ನೋಡಲಿಲ್ಲ.

ಕರವಸ್ತ್ರವನ್ನು ಒಗೆದು ಇದರ ಜೊತೆ ಕಳಿಸಿದ್ದೇನೆ, ಅವಳಿಗೆ ಕೊಡಿ. ಅತ್ತಿದ್ದಕ್ಕೆ ಮಾರ್ಕ್ಸ್ ಕಡಿಮೆ ಮಾಡಬೇಡಿ.

ಇನ್ನು ಮುಂದೆ ಯಾವ ತಾಯಿಗೂ ಎರಡು ಸಲ ಹೇಳಿಸಬೇಡಿ. ನಿಮ್ಮ ಮಾತು ಕಿವಿಗೆ ಬಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಅವಳು ಮತ್ತೆ ಒಳಗೆ ಬಂದಾಗ, ಮೊದಲು ಹೇಳಿದ್ದು ತಪ್ಪಿರಬೇಕು, ಮಗ ಬದುಕಿದ್ದಾನೆ ಅಂದುಕೊಂಡೆ. ಅದಕ್ಕೇ ಬೆಂಚಿನ ಮೇಲೆ ಸರಿದು, ಅವಳಿಗೆ ನಾನೇ ಜಾಗ ಮಾಡಿಕೊಟ್ಟೆ.

ಇಂತಿ,
ರಾಮಾಂಜಿನಿಯ ತಾಯಿ