ಹನ್ನೊಂದು ಸೆಕೆಂಡಿನ ಹೊದಿಕೆ

ಸೋಮವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಮೊಂಡಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಕಾಗದ ಉದ್ದ ಇದೆ, ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತ ಇನ್ನೇನನ್ನೋ ನೋಡುತ್ತಿರುತ್ತೀಯ, ನಾನು ಬಾಯಿ ನೋಯಿಸಿಕೊಂಡಿದ್ದಷ್ಟೇ ಬರುತ್ತದೆ. ಅದಕ್ಕೇ ಬರೆದು ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೊನೆಯ ಸಾಲಿನವರೆಗೂ ಓದಿಸಿಯೇ ಏಳಬೇಕು ಎಂದು ಅವಳಿಗೆ ಹೇಳಿದ್ದೇನೆ. ಅವಳಿಗೆ ಕಾಫಿ ಕೊಡು. ಆಫೀಸಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಆದರೂ ನಿನಗೋಸ್ಕರ ಒಂದು ದಿನ ರಜೆ ಹಾಕಿ ಬರೆಯುತ್ತಿದ್ದೇನೆ ಎನ್ನುವುದು ನೆನಪಿರಲಿ.

ಗುರುವಾರದ ಸಂದರ್ಶನಕ್ಕೆ ನಿನ್ನ ತಯಾರಿ ಹೇಗಿದೆ ನೋಡಿ ಹೇಳು ಎಂದು ಕಳಿಸಿದ್ದೆಯಲ್ಲ, ಆ ಪ್ರಶ್ನೋತ್ತರದ ಹಾಳೆಗಳನ್ನೂ ನಿನ್ನ ಅನಿಮೇಷನ್ ತುಣುಕುಗಳನ್ನು ಜೋಡಿಸಿದ ಶೋರೀಲನ್ನೂ ಮೂರು ಸಲ ನೋಡಿದೆ. ಹಿಂದಿನ ಎರಡು ಕಡೆ ನಿನ್ನನ್ನು ಯಾಕೆ ಬೇಡವೆಂದರು ಎನ್ನುವುದು ಮೊದಲ ಸಲಕ್ಕೇ ಗೊತ್ತಾಯಿತು. ಉಳಿದ ಎರಡು ಸಲ ನೋಡಿದ್ದು ನಗುವುದಕ್ಕೆ. ಈ ಸ್ಟುಡಿಯೋದವರೂ ಬೇಡವೆಂದರೆ ಇದರ ಸಹವಾಸವೇ ಸಾಕು, ಗೆಳತಿಯ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೂರುತ್ತೇನೆ ಎಂದು ಬರೆದಿದ್ದೀಯ. ಈಗಿರುವ ಸ್ಥಿತಿಯಲ್ಲಿ ನೀನು ಹೋದರೆ ಶುಕ್ರವಾರದಿಂದಲೇ ಕೂರಬಹುದು.

ಮೊದಲು ಆ ಪ್ರಶ್ನೋತ್ತರ. ನಿಮ್ಮ ತರಬೇತಿ ಕೇಂದ್ರದ ಟೈ ಮಾಸ್ತರು ಕೊಟ್ಟ ಐವತ್ತು ಪ್ರಶ್ನೆ, ಐವತ್ತು ಉತ್ತರ. ಆ ಮನುಷ್ಯ ತನ್ನ ಹುಬ್ಬು ಬಿಟ್ಟರೆ ಬೇರೇನನ್ನೂ ಅನಿಮೇಟ್ ಮಾಡಿದವನಲ್ಲ. ಕೈ ಹೇಗೆ ಕುಲುಕಬೇಕು, ಕುರ್ಚಿಯ ಎಷ್ಟು ಭಾಗದಲ್ಲಿ ಕೂರಬೇಕು, ಯಾವಾಗ ಮುಗುಳ್ನಗಬೇಕು ಎಂದೆಲ್ಲ ಹೇಳಿಕೊಟ್ಟಿದ್ದಾನೆ. ನಿಮ್ಮ ದೌರ್ಬಲ್ಯವೇನು ಎಂದು ಕೇಳಿದರೆ, ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟವೇ ನನ್ನ ದೌರ್ಬಲ್ಯ ಎನ್ನಬೇಕಂತೆ. ನಿನ್ನ ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿದವರು ಯಾರೂ ಈ ಮಾತನ್ನು ನಂಬುವುದಿಲ್ಲ. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದರೆ ನಿಮ್ಮಲ್ಲೇ ಹಿರಿಯ ಹುದ್ದೆಯಲ್ಲಿ ಎನ್ನಬೇಕಂತೆ. ನಿನ್ನ ಜೊತೆಗೆ ಕಲಿತ ಇಪ್ಪತ್ತೆರಡು ಜನರೂ ಇದೇ ಗಿಳಿಪಾಠ ಒಪ್ಪಿಸುತ್ತಾರೆ. ಎದುರಿಗೆ ಕೂತವರು ಆಕಳಿಸದೆ ಇನ್ನೇನು ಮಾಡಿಯಾರು?

ಅಲ್ಲಿ ನಡೆಯುವುದನ್ನು ನಾನು ಹೇಳುತ್ತೇನೆ, ಕೇಳು. ಚಿಕ್ಕ ಕೋಣೆ. ಪರದೆ ಎಳೆದಿರುತ್ತಾರೆ. ಇಬ್ಬರೋ ಮೂವರೋ ಇರುತ್ತಾರೆ, ಅವರಲ್ಲಿ ಒಬ್ಬರು ಬೆಳಿಗ್ಗೆಯಿಂದ ಇಂಥವೇ ಎಂಟು ನೋಡಿ ಬೇಸತ್ತಿರುತ್ತಾರೆ. ನಿನ್ನ ರೀಲು ಹಚ್ಚುತ್ತಾರೆ. ಮೂವತ್ತು ಸೆಕೆಂಡು ಕಳೆಯುವಷ್ಟರಲ್ಲಿ ಅವರ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ನಿಲ್ಲಿಸಿ, ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ಪ್ರಶ್ನೆ ಅಂದರೆ ಅದೊಂದೇ. ಅದಕ್ಕೆ ಟೈ ಮಾಸ್ತರ ಹಾಳೆಯಲ್ಲಿ ಉತ್ತರ ಇಲ್ಲ.

ಆ ಮೂವತ್ತು ಸೆಕೆಂಡಿನಲ್ಲಿ ನೀನು ಏನು ತೋರಿಸುತ್ತೀಯ? ಮೊದಲ ಹನ್ನೆರಡು ಸೆಕೆಂಡು ನಿನ್ನ ಹೆಸರೇ ಬಂಗಾರದ ಅಕ್ಷರಗಳಲ್ಲಿ ತಿರುಗುತ್ತದೆ. ಸುತ್ತ ಹೊಗೆ, ಕಿಡಿ, ಜೊತೆಗೆ ಯುದ್ಧಕ್ಕೆ ಹೊರಟವರ ಹಾಗೆ ಡೋಲು. ಮೂರು ತಲೆಮಾರಿನ ಸಾಮ್ರಾಜ್ಯ ಕಟ್ಟಿದವರೂ ಇಷ್ಟು ಬಡಾಯಿ ಕೊಚ್ಚಿಕೊಳ್ಳಲಾರರು. ಆಮೇಲೆ ಒಂದು ರಾಕೆಟ್ಟು. ಆ ರಾಕೆಟ್ಟನ್ನು ನಾನು ಬಲ್ಲೆ, ಅದು ಟ್ಯುಟೋರಿಯಲ್ಲಿನದು. ನಿನ್ನ ಇಪ್ಪತ್ತೆರಡು ಸಹಪಾಠಿಗಳ ರೀಲಿನಲ್ಲೂ ಅದೇ ಹಾರುತ್ತಿದೆ. ನಿನ್ನದು ನೇರಳೆ, ಅಷ್ಟೇ ಭೇದ. ಆಮೇಲೆ ಆಸ್ಪತ್ರೆಗಾಗಿ ಮಾಡಿದ ಮೋಷನ್ ಗ್ರಾಫಿಕ್ಸ್. ಅದರಲ್ಲಿ ರೋಗಿಗಳ ಸಂಖ್ಯೆ ತೋರಿಸುವ ಕಂಬಗಳು ಖುಷಿಯಿಂದ ಕುಪ್ಪಳಿಸಿ, ಎರಡು ಸಲ ಪುಟಿದು ನಿಲ್ಲುತ್ತವೆ. ಕಾಯಿಲೆ ಬಿದ್ದವರ ಲೆಕ್ಕ ಹೇಳುವಾಗ ಯಾರಾದರೂ ಹಾಗೆ ಕುಣಿಯುತ್ತಾರಾ? ಒಂದು ಗುಂಡಿ ಒತ್ತಿದರೆ ಪುಟಿಯುತ್ತದೆ ಎಂದು ಗೊತ್ತಾಯಿತು, ಒತ್ತಿದೆ. ನಿನಗೆ ಕೈ ಇದೆ, ತಲೆಯನ್ನು ಮಾತ್ರ ಬೇರೆ ಎಲ್ಲೋ ಅಡವಿಟ್ಟಿದ್ದೀಯ.

ಇಷ್ಟನ್ನೆಲ್ಲ ದಾಟಿ, ಮೂರು ನಿಮಿಷ ಹತ್ತನೇ ಸೆಕೆಂಡಿನಲ್ಲಿ, ಯಾರೂ ತಲುಪದ ಜಾಗದಲ್ಲಿ, ನಾಲ್ಕು ಸೆಕೆಂಡಿನ ಒಂದು ತುಣುಕನ್ನು ಬಚ್ಚಿಟ್ಟಿದ್ದೀಯ. ಒಬ್ಬ ಮನುಷ್ಯ ಬಾಗಿಲಿಗೆ ಬೀಗದ ಕೈ ಹಾಕುತ್ತಾನೆ, ತೂತು ಸಿಗುವುದಿಲ್ಲ. ತಕ್ಷಣ ಮತ್ತೆ ಹಾಕುವುದಿಲ್ಲ. ಯಾರಾದರೂ ನೋಡಿದರೇನೋ ಎಂದು ಮೊದಲು ಆಚೀಚೆ ಕಣ್ಣು ಹಾಯಿಸುತ್ತಾನೆ, ಕತ್ತು ಅಲ್ಲಾಡದ ಹಾಗೆ ಬರೀ ಕಣ್ಣು. ಆಮೇಲೆ ಮತ್ತೆ ಹಾಕುತ್ತಾನೆ. ನಮ್ಮ ಮೇಲಿನ ಮನೆಯ ಗುಮಾಸ್ತರು ಅವರು, ನೋಡಿದ ಕೂಡಲೇ ಗುರುತು ಹಿಡಿದೆ. ಬಣ್ಣ ಇಲ್ಲ, ಹೊಗೆ ಇಲ್ಲ, ಡೋಲಿಲ್ಲ. ಅದನ್ನು ನಿನಗೆ ಯಾರೂ ಕಲಿಸಿಲ್ಲ. ನಿನ್ನ ಇಡೀ ರೀಲಿನಲ್ಲಿ ನೀನು ಮಾಡಿದ್ದು ಅದೊಂದೇ. ಅದನ್ನು ಕಸದ ಬುಟ್ಟಿಯ ತಳದಲ್ಲಿಟ್ಟು, ಮೇಲೆ ರಾಕೆಟ್ಟು ಮುಚ್ಚಿದ ನಿನ್ನ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಗದವನ್ನು ಮಡಚಿಡಬೇಡ.

ನೀನು ನನಗೆ ಕಳಿಸಿದ ರೀಲಿನ ನಲವತ್ತೆಂಟನೇ ಸೆಕೆಂಡಿನಲ್ಲಿ ಡೋಲಿನ ತಾಳ ತಪ್ಪುತ್ತದೆ. ಪೆಟ್ಟು ಬೀಳಬೇಕಾದ ಕಡೆ ಬೀಳದೆ ಸಂಗೀತ ಎಗರಿಬಿಡುತ್ತದೆ. ಚಿತ್ರ ಕತ್ತರಿಸುವಾಗ ಕೆಳಗಿನ ಸಂಗೀತವೂ ಸೇರಿ ತುಂಡಾದದ್ದನ್ನು ನೀನು ಗಮನಿಸಿಲ್ಲ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವಳ ಕಣ್ಣಿಗೆ ಮಣ್ಣೆರಚಲು ಹೊರಟವಳು ಕಿವಿಯನ್ನು ಮರೆತೆ. ಅಲ್ಲಿ ಏನೋ ಇತ್ತು, ನನಗೆ ತೋರಿಸಬಾರದೆಂದು ತೆಗೆದಿದ್ದೀಯ ಎಂದಷ್ಟೇ ಅನ್ನಿಸಿತು. ಶನಿವಾರ ಆ ಸ್ಟುಡಿಯೋದ ಅನಿಮೇಷನ್ ಮುಖ್ಯಸ್ಥ ಫೋನ್ ಮಾಡಿದಾಗ ಅದು ಏನೆಂದು ತಿಳಿಯಿತು. ಅವನು ನನಗೆ ಹಳೆಯ ಪರಿಚಯ ಎಂದುಕೋ. ನೀನು ಅವರಿಗೆ ಕಳಿಸಿದ ರೀಲಿನಲ್ಲಿ ಒಬ್ಬಳು ಹೆಂಗಸು ಒಂಟಿಯಾಗಿ ನಿಂತು ಹೊದಿಕೆ ಮಡಚುತ್ತಾಳೆ, ಹನ್ನೊಂದು ಸೆಕೆಂಡು. ಇದು ಯಾರ ಕೆಲಸ ಎಂದು ಕೇಳಿದ.

ಎರಡು ತಿಂಗಳ ಹಿಂದೆ ಸರ್ಟಿಫಿಕೇಟು ಹುಡುಕುತ್ತೇನೆಂದು ಬಂದವಳು ಬೀರುವಿನ ಮೇಲಿನ ಪೆಟ್ಟಿಗೆಗೆ ಕೈ ಹಾಕಿದ್ದು ಇದಕ್ಕೆ ಅಂತಾಯಿತು. ನೂರ ಮೂವತ್ತೆರಡು ಹಾಳೆ, ಪೆನ್ಸಿಲಿನಲ್ಲಿ ನಾನು ಬರೆದದ್ದು. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಅಂಚು ತಿದ್ದಿ, ಹೊದಿಕೆಗೆ ನೇರಳೆ ಬಳಿದು, ಮಿಂಚು ಉದುರಿಸಿ ನಿನ್ನ ಹೆಸರು ಹಾಕಿಕೊಂಡಿದ್ದೀಯ. ಕದಿಯುವಾಗಲಾದರೂ ನಿನಗೆ ಒಳ್ಳೆಯದು ಯಾವುದೆಂದು ಗೊತ್ತಾಯಿತಲ್ಲ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ನಾಚಿಕೆಗೇಡಿನ ಹೆಮ್ಮೆ. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗುರುವಾರ ಅವರು ಆ ಹೊದಿಕೆಯನ್ನು ನಡುವೆ ನಿಲ್ಲಿಸಿ, ಇವಳು ತೋಳುಗಳನ್ನು ಯಾಕೆ ಇಷ್ಟು ದೂರ ಚಾಚಿದ್ದಾಳೆ, ಹೊದಿಕೆ ಯಾಕೆ ಮೈಗೆ ತಾಗದೆ ಮುಂದಕ್ಕೆ ಬಾಗಿ ಬೀಳುತ್ತದೆ ಎಂದು ಕೇಳಿದರೆ ಏನು ಹೇಳುತ್ತಿದ್ದೆ? ಪರಿಪೂರ್ಣತೆಯ ಹಟ ಎನ್ನುತ್ತಿದ್ದೆಯಾ? ಅದನ್ನು ಬರೆಯುವಾಗ ನನಗೆ ಎಂಟು ತಿಂಗಳಾಗಿತ್ತು. ಕನ್ನಡಿಯ ಮುಂದೆ ನಿಂತು ಹೊದಿಕೆ ಮಡಚಿ ಮಡಚಿ ನೋಡಿ ಬರೆದೆ. ಹೊಟ್ಟೆ ಅಡ್ಡ ಬಂದು ಬಟ್ಟೆ ಹತ್ತಿರ ಬರುತ್ತಲೇ ಇರಲಿಲ್ಲ. ಅಡ್ಡ ಇದ್ದದ್ದು ನೀನು. ನಿನ್ನಿಂದಾಗಿ ಆದ ಚಿತ್ರವನ್ನೇ ಕದ್ದು, ಅದು ಯಾಕೆ ಹಾಗಿದೆ ಎಂದು ತಿಳಿಯದೆ ಬಣ್ಣ ಬಳಿದಿದ್ದೀಯ.

ಅದು ನನ್ನ ಮಗಳದ್ದೇ ಎಂದು ನಾನು ಹೇಳಿಬಿಡಬಹುದಿತ್ತು. ಬೇರೆ ಅಮ್ಮಂದಿರಾಗಿದ್ದರೆ ಹೇಳುತ್ತಿದ್ದರೇನೋ. ಹೊದಿಕೆ ನೋಡಿ ನಿನಗೆ ಕೆಲಸ ಕೊಟ್ಟು, ಮೊದಲ ವಾರವೇ ಅಂಥದ್ದು ಇನ್ನೊಂದು ಮಾಡು ಎಂದರೆ ಆಗ ಯಾರ ಬೀರು ಏರುತ್ತಿದ್ದೆ? ನಾನು ಅವನಿಗೆ ಹೇಳಿದ್ದು ಇಷ್ಟೇ: "ಅದು ನಂದು. ಅವಳು ನನ್ನ ಮಗಳು. ಕದ್ದಿದ್ದಾಳೆ."

ಅವನು ಮುಲಾಜು ನೋಡಲಿಲ್ಲ. ಇಂಥವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು ತಮ್ಮಲ್ಲಿ ಪದ್ಧತಿ, ಈ ಊರಿನ ಉಳಿದ ಸ್ಟುಡಿಯೋಗಳಿಗೂ ವಿಷಯ ಹೋಗುತ್ತದೆ ಎಂದ. ಆಗ ಹೆದರಿದೆ, ಸುಳ್ಳೇಕೆ ಹೇಳಲಿ. ಹೊಡೆದುಹಾಕುವ ಮೊದಲು ಮೂರು ನಿಮಿಷ ಇಪ್ಪತ್ತೊಂದನೇ ಸೆಕೆಂಡಿಗೆ ಹೋಗಿ ನೋಡಿ ಎಂದೆ, ಹೊದಿಕೆಯ ಹನ್ನೊಂದನ್ನೂ ಲೆಕ್ಕಕ್ಕೆ ಸೇರಿಸಿ. ಅಷ್ಟು ದೂರ ತಾನು ನೋಡಿಲ್ಲ ಎಂದ. ಯಾರೂ ನೋಡಿರಲಾರರು, ಅದಕ್ಕೇ ಹೇಳುತ್ತಿದ್ದೇನೆ ಎಂದೆ. ಫೋನ್ ಹಿಡಿದುಕೊಂಡೇ ನೋಡಿದ. ಗುಮಾಸ್ತರು ಕಣ್ಣು ಹಾಯಿಸುವ ಕಡೆ ಬಂತು ಅಂತ ಕಾಣುತ್ತದೆ, ಅವನು ಫಕ್ಕನೆ ನಕ್ಕಿದ್ದು ಕೇಳಿಸಿತು. ಮತ್ತೆ ಒಮ್ಮೆ ಹಚ್ಚಿ ನೋಡಿದ. ಬುಧವಾರ ಸಂಜೆಯೊಳಗೆ ಬರೀ ಅವಳದೇ ಕೆಲಸ ಇರುವ ರೀಲು ಬಂದರೆ ಗುರುವಾರ ಕರೆಯುತ್ತೇವೆ, ಯಾವ ತುಣುಕಿನಲ್ಲಿ ಯಾರು ಏನು ಮಾಡಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಲಿ ಎಂದ.

ಆದ್ದರಿಂದ ಇವತ್ತು ಅಳುವುದಿದ್ದರೆ ಐದು ನಿಮಿಷ ಅತ್ತು ಎದ್ದೇಳು. ಹೆಸರು ತಿರುಗಿಸುವುದನ್ನು ಕಿತ್ತುಹಾಕು. ರಾಕೆಟ್ಟನ್ನು ಅದರ ಧಣಿಗಳಿಗೇ ಬಿಡು. ಹೊದಿಕೆಯನ್ನು ತೆಗೆ. ಆಸ್ಪತ್ರೆಯ ಕಂಬಗಳು ತಣ್ಣಗೆ ಏರಿ ನಿಲ್ಲಲಿ. ಗುಮಾಸ್ತರು ಮೊದಲು ಬರಲಿ. ಉಳಿದದ್ದು ನಲವತ್ತು ಸೆಕೆಂಡೇ ಆದರೆ ನಲವತ್ತೇ ಕಳಿಸು. ಪ್ರತಿ ಫ್ರೇಮನ್ನೂ ನಿಲ್ಲಿಸಿ, ಇದು ಯಾಕೆ ಹೀಗೆ ಎಂದು ನಿನ್ನನ್ನೇ ಕೇಳಿಕೋ, ಬಾಯಿಬಿಟ್ಟು ಉತ್ತರ ಹೇಳು. ಉತ್ತರ ಬಾರದ ಫ್ರೇಮನ್ನು ತಿದ್ದು. ಹೊದಿಕೆ ಎಲ್ಲಿ ಹೋಯಿತು ಎಂದು ಕೇಳಿದರೆ ಕದ್ದಿದ್ದೆ ಎಂದು ಹೇಳು. ಮುಗುಳ್ನಗಬೇಡ.

ಟೈ ಮಾಸ್ತರ ಹಾಳೆಗಳಲ್ಲಿ ಒಂದು ಬದಿ ಖಾಲಿ ಇದೆ, ಚಿತ್ರ ಬರೆದುಕೊಳ್ಳಲು ಆದೀತು, ಇಟ್ಟುಕೋ. ಹೊತ್ತುಹೊತ್ತಿಗೆ ಊಟ ಮಾಡು. ಈಗ ಆಶೀರ್ವಾದ.

ಇತಿ,
ನಿನ್ನ ಅಮ್ಮ

ತಾ.ಕ.: ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಇದನ್ನು ಬರೆಯದೆ ಕಾಗದ ಕೊಡುವುದಿಲ್ಲ ಎಂದು ಅವಳದೂ ಹಟ. ಆ ಮುಖ್ಯಸ್ಥ ನನಗೆ ಹಳೆಯ ಪರಿಚಯವಲ್ಲ, ಅವನ ಮುಖವನ್ನೂ ನಾನು ನೋಡಿಲ್ಲ. ಅದೇ ಹನ್ನೊಂದು ಸೆಕೆಂಡು, ಬಣ್ಣವಿಲ್ಲದೆ, ಅವನಿಗೆ ಬಂದ ಇನ್ನೊಂದು ಅರ್ಜಿಯಲ್ಲೂ ಇತ್ತು. ಆ ಅರ್ಜಿ ನನ್ನದು. ನಮ್ಮ ವಿಭಾಗ ಮುಚ್ಚಿ ಎಂಟು ತಿಂಗಳಾಯಿತು. ಮೀಟಿಂಗಿನಲ್ಲಿದ್ದೇನೆ ಎಂದು ನಿನಗೆ ಹೇಳುತ್ತಿದ್ದಾಗಲೆಲ್ಲ ಇದೇ ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಿದ್ದೆ. ಇರುವುದು ಒಂದೇ ಹುದ್ದೆ. ಗುರುವಾರ ನನ್ನ ಸಮಯ ಹನ್ನೊಂದು, ನಿನ್ನದು ಹನ್ನೊಂದೂವರೆ. ನಾನು ಬಿಟ್ಟುಕೊಡುವುದಿಲ್ಲ. ನೀನು ಬಿಟ್ಟುಕೊಟ್ಟೆ ಎಂದು ತಿಳಿದರೆ ನಿನ್ನ ಮುಖ ನೋಡುವುದಿಲ್ಲ. ನಾನು ಹೊರಗೆ ಬರುವಾಗ ನೀನು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೀಯ. ಎದ್ದು ನಿಲ್ಲಬೇಡ, ಅಮ್ಮ ಎನ್ನಬೇಡ. ಒಳಗೆ ಏನು ಕೇಳಿದರು ಎಂದು ಕೇಳು, ಹೇಳುತ್ತೇನೆ.