ಮಾತು ಎತ್ತಿಕೊಡುವವಳು

ಮಾರ್ಚ್ ೯

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನವರ ಮಂಡಿನೋವು ಇಳಿಯಿತೇ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಶಾಲೆಯ ನಾಟಕದ ತಾಲೀಮಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತೇ ಪುರುಸೊತ್ತು. ಹೊಟ್ಟೆಯೊಳಗಿನ ಉರಿ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ, ಕೇಳು.

ಐದನೇ ತರಗತಿಯಲ್ಲಿ ಒಬ್ಬ ಹುಡುಗಿ, ಎಲ್ಲರ ಬಾಯಲ್ಲೂ ಗುಬ್ಬಿ. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು ತಾನೇ ಓದಿದಂತೆ ಒಪ್ಪಿಸುವ ಕಿಲಾಡಿ. ಅವಳಿಗೆ ಓದಲು ಬಾರದೆಂದು ನನಗೇನು ಗೊತ್ತು! ವೇದಿಕೆ ಹತ್ತಲು ನಾಚಿಕೆ ಅಂದಳೆಂದು, ಪರದೆಯ ಹಿಂದೆ ಪುಸ್ತಕ ಹಿಡಿದು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ಕೊಟ್ಟೆ. ಪಾಪ, ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ತಾಲೀಮಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತುಗಳನ್ನು ಮನೆಯಲ್ಲಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೊಂದಿಸಿಕೊಂಡಿದ್ದಾಳೆ.

ಒಂದು ದಿನ ನಾನು ರಾಜನ ಪಾತ್ರದ ಮಾತನ್ನು ಅವಳ ಪುಸ್ತಕದಲ್ಲಿ ತಿದ್ದಿ ಬರೆದವಳು, ಹುಡುಗರಿಗೆ ಹೇಳುವುದನ್ನೇ ಮರೆತೆ. ರಾಜ ಹಳೆಯದನ್ನೇ ಶುರುಮಾಡಿದ. ಪರದೆಯ ಹಿಂದಿನಿಂದ, "ಏಯ್, ಅದಲ್ವೋ! ಮಿಸ್ ಬದಲಾಯಿಸಿದಾರೆ!" ಎಂದು ಕೂಗಿ, ಹೊಸ ಮಾತನ್ನು ಓದಿಯೇಬಿಟ್ಟಳು ಅಕ್ಕ! ಮೊದಲು ಓದಲು ಬರುತ್ತಲೇ ಇರಲಿಲ್ಲವೆಂದು ಆಮೇಲೆ ನಿಜ ಹೇಳಿದಳು. ನಾನು ಗೊಳೋ ಎಂದು ಅತ್ತೆ.

ಹೋದ ವಾರ ಹೆಡ್‌ಮಾಸ್ಟರು ಕರೆದರು. "ಆ ಹುಡುಗೀನ ನಾಟಕದಿಂದ ಬಿಡಿಸಿ. ಓದೋಕೆ ಬರಲ್ಲ. ಸಂಜೆ ಓದು ಕಲಿಸೋ ಕ್ಲಾಸಿಗೆ ಹಾಕಿದೀನಿ."

"ಈಗ ಓದ್ತಾಳೆ ಸಾರ್. ಕರೆಸಿ, ನೀವೇ ಕೇಳಿ."

"ಪರೀಕ್ಷೇಲಿ ಫೇಲು. ವೇಷ ಕಟ್ಟೋದು ಆಮೇಲೆ."

ಆ ಪರೀಕ್ಷೆ ನಡೆದದ್ದು ತಾಲೀಮು ಶುರುವಾಗುವ ಮೊದಲು! ತಲೆಯಲ್ಲಿ ಏನು ತುಂಬಿಕೊಂಡಿದ್ದಾರೆ ಇವರು? ಓದು ಕಲಿತ ಜಾಗದಿಂದ ಮಗುವನ್ನು ಎಬ್ಬಿಸಿ, ಓದು ಕಲಿಸಲು ಕರೆದುಕೊಂಡು ಹೋಗುವುದಂತೆ! ಒಂದು ಪುಟ ಕೇಳುವುದಕ್ಕೆ ಏನು ಧಾಡಿ? "ಫೇಲಾಗಿರೋದು ನೀವು ಸಾರ್" ಅಂದೆ. ಹೌದು, ಮುಖಕ್ಕೇ ಅಂದೆ. ಮಾರನೇ ದಿನ ನಾಟಕದ ಕೋಣೆಗೇ ಬೀಗ. ಕೋಪ ಕಡಿಮೆ ಮಾಡಿಕೋ ಎಂದು ದಯವಿಟ್ಟು ಬರೆಯಬೇಡ.

ಮಕ್ಕಳಿಗೆ ನನ್ನ ಆಶೀರ್ವಾದ. ನೀವೆಲ್ಲ ತಣ್ಣಗಿರಿ, ನನ್ನ ಪಾಲಿನದನ್ನೂ ಸೇರಿಸಿ.

ನಿನ್ನ
ಸಿಡುಕಿ ತಂಗಿ

ತಾ.ಕ.: ಇವತ್ತು ಗುಬ್ಬಿ ನಾಟಕದ ಪುಸ್ತಕ ವಾಪಸು ಕೊಡಲು ಬಂದಿದ್ದಳು. "ಒಂದೇ ಒಂದು ಸಾಲು ಓದು ಪುಟ್ಟಿ" ಅಂದೆ. ಪುಟದ ಕಡೆ ತಿರುಗಿಯೂ ನೋಡಲಿಲ್ಲ. "ನಂಗೆ ಓದೋಕೆ ಬರಲ್ವಂತೆ ಮಿಸ್" ಅಂದಳು.